ಹೋಗಿ ಬರ್ತೇನೆ ಎಂದದ್ದಕ್ಕೆ

ನಾನು ಯಾರ ಮನೆಯಲ್ಲೂ ಒಂದೇ ಸಂಜೆ ಎರಡು ಸಲ ಚಹಾ ಕುಡಿದವಳಲ್ಲ, ಸ್ನೇಹಿತರೇ. ಇಂದು ಕುಡಿದೆ.

ಕುವೈತಿನಲ್ಲಿ ಶುಕ್ರವಾರ, ಶನಿವಾರ ರಜೆ. ನಿನ್ನೆ ಮಹಬೂಲಾದಲ್ಲಿ ಹುಟ್ಟುಹಬ್ಬ, ಇಂದು ಮಧ್ಯಾಹ್ನ ಊರಿನವರೊಬ್ಬರ ಮನೆಯಲ್ಲಿ ಊಟ. ಮಗನ ಮನೆಯಿರುವ ರಿಗ್ಗೈಗೆ ಮರಳಿದ ಮೇಲೆ ಎದುರು ಫ್ಲಾಟಿನ ಈಜಿಪ್ಟಿನ ಹೆಂಗಸು ಕರೆದರೆಂದು ಅಲ್ಲಿಗೂ ಹೋದೆ. ಮಗಳು ಮದುವೆಯಾಗಿ ಹೋದ ಮೇಲೆ ಅವರು ಒಬ್ಬರೇ. ಹೊರಡುವಾಗ ನನಗೆ ಬರುವ ಇಂಗ್ಲಿಷಿನಲ್ಲಿ, "ಐ ಗೋ ಅಂಡ್ ಕಮ್" ಎಂದೆ.

ಸ್ವಲ್ಪ ಹೊತ್ತಿನ ಬಳಿಕ ಅವರು ನಮ್ಮ ಬಾಗಿಲು ತಟ್ಟಿದರು. ಮುಖ ಬಾಡಿತ್ತು. "ಯೂ ಸೇ ಕಮ್. ಐ ವೇಟ್," ಎಂದರು. ಹೊಸದಾಗಿ ಚಹಾ ಮಾಡಿ, ಬಾಗಿಲು ತೆರೆದಿಟ್ಟು ಕಾದಿದ್ದರಂತೆ.

ಸೊಸೆ ನಗು ತಡೆದುಕೊಂಡು, "ಅತ್ತೆ, ಬೈ ಅಂದ್ರೆ ಸಾಕಿತ್ತು," ಎಂದಳು.

"ಬೈ ಅಂದ್ರೆ ಹೋಗ್ತೇನೆ ಅಂತ ಅಲ್ವಾ? ಇನ್ನೊಬ್ಬರ ಬಾಗಿಲಲ್ಲಿ ನಿಂತು ಹಾಗೆ ಹೇಳ್ಲಿಕ್ಕೆ ಉಂಟಾ?"

ಅವಳು ಅವರಿಗೆ ನನ್ನ ಮಾತಿನ ಅರ್ಥ ಬಿಡಿಸಿ ಹೇಳಲು ಹೊರಟಳು. ನಾನು ಬಿಡಲಿಲ್ಲ. ಕಾದು ಕುಳಿತವರಿಗೆ, ಅದು ಬರೀ ಬಾಯಿಮಾತು, ನಾನು ಬರುವವಳಿರಲಿಲ್ಲ ಎಂದು ಹೇಳುವುದು ಹೇಗೆ? ಚಪ್ಪಲಿ ಮೆಟ್ಟಿ ಅವರ ಜೊತೆ ಹೋದೆ. ಚಹಾ ಮುಗಿಯುವವರೆಗೂ ಅವರು ನನ್ನ ಕೈ ಬಿಡಲಿಲ್ಲ.

ಹೊರಡುವಾಗ ನಾಲಿಗೆಗೆ ಬೇರೆ ಮಾತು ಬರಲೇ ಇಲ್ಲ. "ಐ ಗೋ ಅಂಡ್ ಕಮ್," ಎಂದುಬಿಟ್ಟೆ.

ಅವರು ನಕ್ಕು, "ವೆನ್?" ಎಂದರು.

ನಾಳೆ ಐದಕ್ಕೆ ಎಂದಿದ್ದೇನೆ. ಊರಿಗೆ ಊರೇ ಕೆಲಸಕ್ಕೆ ಹೋಗುವ ಭಾನುವಾರವೂ ನನಗೆ ಬಿಡುವಿಲ್ಲ.