ಡೈನೋಸಾರ್ ಡಬ್ಬಿಯಲ್ಲಿ ಉಳಿದ ಮೂರು ಪಿನ್ನು

ನೀವು ಕೊಂಡ ವಸ್ತು ಹೇಗಿದೆ, ಸ್ಟಾರ್ ಕೊಡಿ ಎಂದು ಫೋನು ಎರಡು ತಿಂಗಳಿಂದ ನನ್ನ ಜೀವ ತಿನ್ನುತ್ತಿದೆ. ಒಡೆದ ಗಾಜಿನ ಹಿಂದೆ ಐದು ಖಾಲಿ ಸ್ಟಾರ್, ಅದರ ಕೆಳಗೆ ಬರೆಯಲು ಬೆರಳಗಲ ಜಾಗ. ಅಷ್ಟರಲ್ಲಿ ಹಿಡಿಯುವ ಮಾತಾಗಿದ್ದರೆ ಎಂದೋ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಹಿಡಿಯುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಸ್ತುವನ್ನು ನೋಡಿ ಹೇಳುವ ಯೋಗ್ಯತೆ ನನಗಿದೆ. ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಹದಿನೆಂಟು ವರ್ಷದಿಂದ ಚೆಕಿಂಗ್ ಟೇಬಲ್ಲಿನಲ್ಲಿ ನಿಂತವಳು ನಾನು. ಹೊಲಿದು ಬಂದ ಪ್ಯಾಂಟನ್ನು ಒಳಗು ಹೊರಗು ತಿರುವಿ ತಪ್ಪು ಹುಡುಕುವುದೇ ನನ್ನ ಅನ್ನ. ಮನೆಗೆ ಬಂದರೂ ಆ ಚಟ ಬಿಡುವುದಿಲ್ಲ. ಮಡಕಶಿರಾದಿಂದ ಹೆಂಡತಿಯನ್ನು ತರಲು ಹೋಗಿ ಪೊಲೀಸನ್ನು ತಂದೆ ಎಂದು ನಮ್ಮ ಮನೆಯವರು ಎಲ್ಲರೆದುರಿಗೂ ಹೇಳುತ್ತಿದ್ದರು.

ಹಾಗಾಗಿ ಮೊದಲು ವಸ್ತುವಿನ ಮಾತು. ಅದು ಮಕ್ಕಳು ಜೋಡಿಸುವ ಆಟದ ಸಾಮಾನು, ಡೈನೋಸಾರ್ ಸೆಟ್ಟು. ಡಬ್ಬಿಯಲ್ಲಿ ನಾಲ್ಕು ಪ್ರಾಣಿಯ ತುಂಡುಗಳು: ಉದ್ದ ಕುತ್ತಿಗೆಯದು, ಮೂರು ಕೊಂಬಿನದು, ರೆಕ್ಕೆಯದು, ದೊಡ್ಡ ಬಾಯಿಯ ಮೋಟು ಕೈಯದು. ಪ್ಲಾಸ್ಟಿಕ್ಕು ಚೆನ್ನಾಗಿದೆ, ಅಂಚು ಒರಟಿಲ್ಲ, ಬೆರಳು ಕೊಯ್ಯುವುದಿಲ್ಲ. ಕೊಂಬು ಗಟ್ಟಿಯಾಗಿ ಕೂರುತ್ತದೆ. ರೆಕ್ಕೆಯ ಕೀಲು ಮಾತ್ರ ಸಡಿಲ, ಸುಮ್ಮನೆ ಮುಟ್ಟಿದರೂ ಜೋಲು ಬೀಳುತ್ತದೆ. ಕೈಕಾಲು ಕತ್ತಿನ ಕೀಲುಗಳನ್ನೆಲ್ಲ ಒಳಗಿನಿಂದ ಹಿಡಿದಿಡಲು ಕಡಲೆಬೇಳೆಯಷ್ಟು ಬೂದು ಬಣ್ಣದ ಪಿನ್ನುಗಳಿವೆ. ಒಮ್ಮೆ ಒತ್ತಿ ಮೇಲೆ ತುಂಡು ಕೂರಿಸಿದರೆ ಪಿನ್ನು ಹೊರಗೆ ಕಾಣುವುದಿಲ್ಲ. ಜೋಡಿಸುವ ಬಗೆ ತಿಳಿಸಲು ಒಂದು ಚಿತ್ರದ ಪುಸ್ತಕ ಕೊಟ್ಟಿದ್ದಾರೆ, ಅದರಲ್ಲಿ ಯಾವ ಭಾಷೆಯ ಒಂದಕ್ಷರವೂ ಇಲ್ಲ.

ಅದನ್ನು ತರಿಸಿದ್ದು ಮಕ್ಕಳಿಗಲ್ಲ. ನಮಗಿರುವ ಒಬ್ಬಳೇ ಮಗಳು ಗುಮ್ಮಘಟ್ಟದಲ್ಲಿ ಗಂಡನ ಮನೆಯಲ್ಲಿದ್ದಾಳೆ. ತರಿಸಿದ್ದು ನಮ್ಮ ಮನೆಯವರ ಬಲಗೈಗೆ.

ಅವರು ನಮ್ಮ ಯೂನಿಟ್ಟಿನ ಕಟಿಂಗ್ ಮಾಸ್ಟರ್. ಉದ್ದನೆಯ ಟೇಬಲ್ಲಿನ ಮೇಲೆ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಎಡಗೈಯಲ್ಲಿ ಅದುಮಿ ಹಿಡಿದು, ಬಲಗೈಯಲ್ಲಿ ಮಿಷನ್ ನಡೆಸಿ ಒಂದೇ ಸಲಕ್ಕೆ ನೂರು ಪ್ಯಾಂಟಿನ ತುಂಡು ಕತ್ತರಿಸುತ್ತಿದ್ದರು. ಒಂದು ಬೆಳಿಗ್ಗೆ ಬಟ್ಟೆ ಹಾಸುತ್ತಿದ್ದಾಗಲೇ ಬಾಯಿ ಸೊಟ್ಟಗಾಗಿ ಕುಸಿದರು. ಲಕ್ವ. ಬಳ್ಳಾರಿಯ ಆಸ್ಪತ್ರೆಯಲ್ಲಿ ಮಾತು ಬಂತು, ವಾರದಲ್ಲಿ ಕಾಲೂ ಬಂತು. ಕೈ ಬರಲಿಲ್ಲ. ಮನೆಗೆ ಬಂದ ದಿನ ಮಗಳ ಹತ್ತಿರ ಮಾತಾಡಲು ಹಟ ಹಿಡಿದು ನನ್ನ ಫೋನನ್ನು ಬಲಗೈಯಲ್ಲೇ ತೆಗೆದುಕೊಂಡರು. ಜಾರಿ ಕಲ್ಲಿನ ಮೇಲೆ ಬಿತ್ತು. ಗಾಜು ಒಡೆದದ್ದು ಹಾಗೆ.

ಓನರ್ ಮನೆಗೇ ಬಂದು, "ಉಗಾದಿ ತನಕ ಟೇಬಲ್ಲು ನಿಂದಽ. ಅಲ್ಲಿ ತನಕ ನನ್ನ ತಮ್ಮ ನೋಡ್ಕೊಂತಾನ" ಎಂದು ಹೇಳಿ ಹೋದರು. ಅವತ್ತಿನಿಂದ ಇವರ ಬಾಯಲ್ಲಿ ಅದೊಂದೇ ಮಾತು, ಉಗಾದಿ. ಆ ಟೇಬಲ್ಲಿಲ್ಲದೆ ಈ ಮನುಷ್ಯ ಏನು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಬಳ್ಳಾರಿಯ ಫಿಸಿಯೋ ಮೇಡಂ, ಸಣ್ಣ ಸಣ್ಣ ಸಾಮಾನು ಎತ್ತಿ ಕೂರಿಸುವ ಕೆಲಸ ದಿನಾ ಮಾಡಿಸಿ ಎಂದರು. ಬೇಳೆ ಮುಂದಿಟ್ಟೆ. ಹೆಂಗಸರ ಕೆಲಸ ಎಂದು ಮೊರ ಪಕ್ಕಕ್ಕೆ ತಳ್ಳಿದರು. ಮಣಿ ಕೊಟ್ಟರೆ ಮುಖ ಸಿಂಡರಿಸಿದರು. ಆಗ ಮಡಕಶಿರಾದಲ್ಲಿರುವ ನನ್ನ ಅಕ್ಕನ ಮಗಳು, ಸಣ್ಣ ಮಕ್ಕಳಿಗೆ ಪಾಠ ಹೇಳುವವಳು, ಫೋನಿನಲ್ಲೇ ಹೇಳಿಕೊಟ್ಟು ಈ ಸೆಟ್ಟು ತರಿಸಿದಳು. ಚಿತ್ರ ನೋಡಿ ತುಂಡು ಜೋಡಿಸುವುದು ಇವರಿಗೆ ಕೆಲಸದ ಹಾಗೆ ಕಂಡಿತು. ಡಬ್ಬಿ ಒಡೆದವರೇ ಮಿಕ್ಕ ಯಾವುದಕ್ಕೂ ಕೈ ಹಾಕದೆ, ಒಂದೊಂದು ಪ್ರಾಣಿಯ ತುಂಡುಗಳನ್ನು ಬೇರೆ ಮಾಡಿ ನನ್ನ ಕೈಯಲ್ಲಿ ಬಟ್ಟೆಯ ಪಟ್ಟಿಯಿಂದ ಬಂಡಲ್ ಕಟ್ಟಿಸಿದರು, ಮೇಲೆ ಸೀಮೆಸುಣ್ಣದಲ್ಲಿ ನಂಬರು ಹಾಕಿಸಿದರು. ಯೂನಿಟ್ಟಿನಲ್ಲಿ ಒಂದೊಂದು ಪ್ಯಾಂಟಿನ ತುಂಡುಗಳನ್ನು ಕಟ್ಟುವುದು ಹೀಗೆಯೇ.

ಯಾರಾದರೂ ಬಾಗಿಲಿಗೆ ಬಂದರೆ ನಾಲ್ಕು ಪ್ರಾಣಿಯನ್ನೂ ಹಳೆಯ ಜೀನ್ಸ್ ಬಟ್ಟೆಯ ಕೆಳಗೆ ಬಚ್ಚಿಡಬೇಕಿತ್ತು. ಐವತ್ತು ದಾಟಿದ ಗಂಡಸು ಆಟದ ಸಾಮಾನು ಹಿಡಿದು ಕೂತಿದ್ದು ಓಣಿಗೆ ಗೊತ್ತಾಗಬಾರದು. ಮೊದಲ ದಿನಗಳಲ್ಲಿ ತಮಾಷೆಯೂ ಇತ್ತು. ಮೋಟು ಕೈಯದನ್ನು ನನ್ನ ಮುಖದ ಮುಂದೆ ಹಿಡಿದು, "ನೋಡಿಲ್ಲಿ, ಇದರ ಕೈ ನನ್ನ ಕೈ ಇದ್ದಂಗಽ ಐತಿ. ಆದ್ರೂ ಎಷ್ಟು ದಪ್ಪ ಆಗೇತಿ ನೋಡು" ಎಂದರು. ಲಕ್ವ ಹೊಡೆದ ಮೇಲೆ ನಾನು ನಕ್ಕಿದ್ದು ಅವತ್ತೇ ಮೊದಲು.

ನಾಲ್ಕನ್ನೂ ಮುಗಿಸಲು ಹನ್ನೊಂದು ದಿನ ಹಿಡಿಯಿತು. ಒಂದು ಪಿನ್ನು ಎತ್ತಲು ಹತ್ತು ಸಲ ಜಾರಿಸಿಕೊಳ್ಳುತ್ತಿದ್ದರು, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಸಹಾಯಕ್ಕೆ ಹೋದರೆ ಬೈಯುತ್ತಿದ್ದರು. ಕೊನೆಗೆ ನಾಲ್ಕೂ ನಿಂತವು. ನಾನು ಚಪ್ಪಾಳೆ ಹೊಡೆಯಬೇಕು ಎನ್ನುವಷ್ಟರಲ್ಲಿ ಅವರು ಡಬ್ಬಿ ಬೋರಲು ಹಾಕಿದರು. ಮೂರು ಪಿನ್ನು ಬಿದ್ದವು.

"ಮೂರು ಉಳಿದಾವು" ಎಂದರು. ಮುಖ ಇಳಿದುಹೋಗಿತ್ತು.

ಬೇರೆಯವರ ಮನೆಯಲ್ಲಾಗಿದ್ದರೆ ಉಳಿದರೆ ಉಳಿಯಲಿ ಎನ್ನುತ್ತಿದ್ದರು. ನಮ್ಮ ಕಸುಬಿನಲ್ಲಿ ಹಾಗೆ ಅನ್ನುವಂತಿಲ್ಲ. ಕೊನೆಯಲ್ಲಿ ಒಂದು ಸಣ್ಣ ಜೇಬು ಉಳಿಯಿತೆಂದರೆ ಯಾವುದೋ ಪ್ಯಾಂಟು ಜೇಬಿಲ್ಲದೆ ಹೋಗಿದೆ ಎಂದೇ ಅರ್ಥ. ಕಟ್ಟಿದ ಬಂಡಲುಗಳನ್ನೆಲ್ಲ ಬಿಚ್ಚಿ ಹುಡುಕಬೇಕು. ನಾನೂ ಅದೇ ಕಸುಬಿನವಳು, ನನಗೂ ಬೇರೆ ಯೋಚನೆ ಹೊಳೆಯಲಿಲ್ಲ. ಒಳಗೆಲ್ಲೋ ಮೂರು ಕೀಲು ಪಿನ್ನಿಲ್ಲದೆ ನಿಂತಿವೆ ಎಂದುಕೊಂಡೆವು. ಇವರು ನಾಲ್ಕನ್ನೂ ಬಿಚ್ಚಿದರು. ಎರಡನೆಯ ಸಲ ಒಂಬತ್ತು ದಿನದಲ್ಲಿ ಕಟ್ಟಿದರು. ಮತ್ತೆ ಮೂರೇ ಉಳಿದವು.

ಆ ವಾರ ಅಕ್ಕನಿಗೆ ಹುಷಾರಿಲ್ಲವೆಂದು ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ ಮಡಕಶಿರಾಕ್ಕೆ ಹೋದೆ. ಮಾತಿನ ಮಧ್ಯೆ ಅಕ್ಕನ ಮಗಳಿಗೆ ಪಿನ್ನಿನ ಸಂಗತಿ ಹೇಳಿದೆ. ಅವಳು ನಕ್ಕುಬಿಟ್ಟಳು.

"ಅಯ್ಯೋ ಚಿಕ್ಕಮ್ಮ, ಸಣ್ಣ ಪೀಸು ಕಳ್ದೋಗ್ತವೆ ಅಂತ ಅವ್ರೇ ಹೆಚ್ಗೆ ಹಾಕಿರ್ತಾರೆ. ನಮ್ಮ ಸ್ಕೂಲಿನ ಡಬ್ಬೀಲೂ ಹಂಗೇ ಐತೆ. ಚಿಕ್ಕಪ್ಪ ಕಟ್ಟಿರೋದು ಸರಿಯಾಗೇ ಐತೆ, ಹೋಗಿ ಹೇಳು."

ಹೇಳಲೆಂದೇ ಹೊರಟೆ. ಬಸ್ಸಿನಲ್ಲಿ ಕೂತು ಆ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿ ನೋಡಿಕೊಂಡೆ, ಅವರ ಮುಖ ಅರಳುವುದನ್ನೂ ಕಂಡೆ. ಆದರೆ ಮಾರನೆಯ ಬೆಳಿಗ್ಗೆಯೇ ಬಳ್ಳಾರಿಗೆ ತೋರಿಸಲು ಹೋಗಬೇಕಿತ್ತು, ಅಲ್ಲಿಂದ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಫಿಸಿಯೋ ಮೇಡಂ ಇವರ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿ, ಇವರು ಹೊರಗೆ ಹೋದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು.

"ಪರವಾಗಿಲ್ಲಮ್ಮ, ಹೆಬ್ಬೆಟ್ಟು ಸ್ವಲ್ಪ ಬಂದೈತಿ. ಏನು ಮಾಡಸ್ತಾ ಇದೀರೋ ಅದನ್ನ ನಿಲ್ಲಸಬ್ಯಾಡ್ರಿ. ಈ ತಿಂಗಳಾಗ ಬಂದಷ್ಟು ಮುಂದ ಬರಂಗಿಲ್ಲ."

ವಾಪಸು ಬರುವಾಗ ಡಿ. ಹಿರೇಹಾಳ್ ದಾಟುವ ಹೊತ್ತಿಗೆ ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ. ಎಲ್ಲ ಸರಿಯಾಗಿದೆ ಎಂದು ಹೇಳಿದರೆ ಈ ಮನುಷ್ಯ ನಾಲ್ಕನ್ನೂ ಷೋಕೇಸಿನಲ್ಲಿಟ್ಟು ಸುಮ್ಮನಾಗುತ್ತಾರೆ. ಆಟ ಎಂದು ಆಡುವವರಲ್ಲ ಅವರು, ತಪ್ಪು ಇದ್ದರೆ ಮಾತ್ರ ಬಿಚ್ಚುವವರು. ಆ ತಪ್ಪು ಇರಲಿ, ಕೈ ನಡೆಯಲಿ ಎಂದುಕೊಂಡೆ. ತಪ್ಪಿಲ್ಲದ ಕಡೆ ತಪ್ಪಿದೆ ಎಂದು ಒಪ್ಪಿಕೊಂಡಿದ್ದು ನನ್ನ ಹದಿನೆಂಟು ವರ್ಷದಲ್ಲಿ ಅದೊಂದೇ ಸಲ.

ಮೂರನೆಯ ಸಲವೂ ಮೂರು ಪಿನ್ನು. ನಾಲ್ಕನೆಯ ಸಲವೂ ಮೂರು. ನಾನು ಪಕ್ಕದಲ್ಲಿ ಕೂತು, "ಇನ್ನೊಂದ್ಸಲ ನೋಡಿ, ಕತ್ತಿನ ಹತ್ರ ಬಿಟ್ಟಿರ್ತೀರ" ಎನ್ನುತ್ತಿದ್ದೆ. ದಿನಗಳೇನೋ ಕಡಿಮೆಯಾಗುತ್ತಿದ್ದವು, ಒಂಬತ್ತಿದ್ದದ್ದು ಏಳಾಯಿತು, ಏಳು ಐದಾಯಿತು. ಆದರೆ ಇವರು ಆ ಲೆಕ್ಕ ನೋಡಲೇ ಇಲ್ಲ. ಇವರ ಕಣ್ಣೆಲ್ಲ ಆ ಮೂರು ಪಿನ್ನಿನ ಮೇಲೆ. ಊಟ ಕಡಿಮೆಯಾಯಿತು. ತಮಾಷೆ ನಿಂತಿತು. ಹಗಲೆಲ್ಲ ಚಿತ್ರದ ಪುಸ್ತಕ ಹಿಡಿದು ಒಂದೊಂದು ಹಾಳೆಯನ್ನೂ ಎಡಗೈ ಬೆರಳಿನಿಂದ ಎಣಿಸುತ್ತ ಕೂರುತ್ತಿದ್ದರು. ನಾನು ಯೂನಿಟ್ಟಿನಲ್ಲಿ ಪ್ಯಾಂಟು ತಿರುವುತ್ತ ನಿಂತಾಗಲೂ ಅದೇ ಕಾಣುತ್ತಿತ್ತು. ಎರಡು ಸಲ ತಪ್ಪು ಪ್ಯಾಂಟು ಪಾಸು ಮಾಡಿ ಬೈಸಿಕೊಂಡೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ, ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಇನ್ನೊಂದು ವಾರ ಕೈ ನಡೆಯಲಿ ಎಂದು ಸುಮ್ಮನಾಗುತ್ತಿದ್ದೆ. ನಾನು ಮಾಡುತ್ತಿದ್ದುದು ಔಷಧಿಯೋ ಹಿಂಸೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಐದನೆಯ ಸಲ ಮುಗಿದದ್ದು ಒಂದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ. ಅನ್ನ ಬಸಿಯುತ್ತಿದ್ದೆ. ಡಬ್ಬಿ ಬೋರಲು ಹಾಕಿದ ಸದ್ದು ಕೇಳಿತು. ಬಂದು ನೋಡಿದರೆ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದರು. ತಂದೆ ತೀರಿಕೊಂಡಾಗಲೂ ಅತ್ತವರಲ್ಲ.

"ಖರೇ ಹೇಳು" ಎಂದರು. "ಕೈ ಅಷ್ಟಽ ಅಲ್ಲ, ನನ್ನ ತಲೀನೂ ಹೋಗೇತಿ, ಅಲ್ಲೇನು? ನೂರು ಪ್ಯಾಂಟಿನ ಪೀಸು ಬಾಯಾಗ ಎಣಸ್ತಿದ್ದೆ ನಾನು. ಸಣ್ಣ ಹುಡುಗರು ಕಟ್ಟೋದನ್ನ ಕಟ್ಟಕಾಗವಲ್ದು. ಡಾಕ್ಟ್ರು ನಿನಗ ಹೇಳ್ಯಾರ, ನೀ ಮುಚ್ಚಿಟ್ಟಿ. ಯಾಕ ಮುಚ್ಚಿಟ್ಟಿ?"

ಮುಚ್ಚಿಟ್ಟಿದ್ದು ನಿಜವೇ. ಆದರೆ ಅದಲ್ಲ. ಅವರ ಕಾಲಿನ ಹತ್ತಿರ ಕೂತು ಎಲ್ಲ ಹೇಳಿದೆ. ಪಿನ್ನು ಹೆಚ್ಚಿಗೆ ಹಾಕಿರುತ್ತಾರಂತೆ, ಅಕ್ಕನ ಮಗಳು ಹೇಳಿದಳು, ನಿಮ್ಮ ತಲೆಗೆ ಏನೂ ಆಗಿಲ್ಲ, ಕೈ ನಡೆಯಲಿ ಅಂತ ನಾನೇ ಹೇಳಲಿಲ್ಲ ಎಂದೆ.

ಬಿದ್ದಿದ್ದ ಮೂರು ಪಿನ್ನುಗಳನ್ನು ಎಡಗೈಯಲ್ಲಿ ಒಂದೊಂದಾಗಿ ಆರಿಸಿಕೊಂಡರು. ಆಮೇಲೆ ಕೇಳಿದರು, "ಹಂಗಾದ್ರ ಮೊದಲ್ನೇ ಸಲನಽ ಸರಿ ಇತ್ತು?"

"ಹೂಂ."

"ಐದೂ ಸಲ?"

"ಐದೂ ಸಲ ಸರಿಯಾಗಿತ್ತು ಕಣ್ರೀ."

ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಇಲ್ಲವೇ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ ಎಂದುಕೊಂಡಿದ್ದೆ. ಅವರು ಬಲಗೈಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಬೇರೆಯವರು ಕತ್ತರಿಸಿಕೊಟ್ಟ ತುಂಡನ್ನು ನೋಡುವಾಗ ಹಾಗೆ ನೋಡುತ್ತಿದ್ದರು.

"ತಪ್ಪು ಒಳಗ ಎಲ್ಲೋ ಐತಿ ಅನ್ಕೊಂಡಿದ್ದೆ. ಅದು ಸಿಕ್ರ ಕೈನೂ ಸರಿ ಹೋಗ್ತತಿ ಅಂತ ಹುಡುಕ್ತಿದ್ದೆ. ಎಲ್ಲಾ ಸರಿ ಐತಿ ಅಂದ್ರ, ಈ ಕೈ ಇಷ್ಟಽ" ಎಂದರು.

ಅನ್ನ ಆರಿ ಗಟ್ಟಿಯಾಯಿತು, ಇಬ್ಬರೂ ಉಣ್ಣಲಿಲ್ಲ.

ಎರಡು ದಿನ ನನ್ನೊಡನೆ ಮಾತಿಲ್ಲ. ಮೈ ತೊಳೆಸಿಕೊಂಡರು, ಊಟ ಮಾಡಿದರು, ಎಲ್ಲಕ್ಕೂ ತಲೆಯಾಡಿಸಿದರು. ಸೊಪ್ಪಿನ ಸಾರು ಮಾಡಿ, ಹೇಗಿದೆ ಎಂದು ಕೇಳಿದರೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ ತಟ್ಟೆಯ ಕಡೆಗೆ ತಿರುಗಿದರು. ನಿಮ್ಮ ನಡಿಗೆ ಇವತ್ತು ಚೆನ್ನಾಗಿದೆ ಎಂದರೆ, ಇದರಲ್ಲಿ ಏನು ಮುಚ್ಚಿಟ್ಟಿದ್ದಾಳೆ ಎಂದು ಹುಡುಕುವ ಹಾಗೆ ನೋಡಿದರು. ಇಪ್ಪತ್ತೇಳು ವರ್ಷ ಈ ಮನೆಯಲ್ಲಿ ತಪ್ಪು ಹುಡುಕುವ ಕಣ್ಣು ನನ್ನದಾಗಿತ್ತು. ಈಗ ಅವರದಾಗಿದೆ.

ಮೂರನೆಯ ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ, ಓನರಿಗೆ ಫೋನು ಹಚ್ಚು ಎಂದರು. ಉಗಾದಿಗೆ ಇನ್ನೂ ದಿನವಿತ್ತು. ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ನಂಬರು ಒತ್ತಿ ಮುಂದೆ ಹಿಡಿದೆ. ಅವರ ಎಡಗೈ ಮುಷ್ಟಿಯಲ್ಲಿ ಆ ಮೂರು ಪಿನ್ನುಗಳಿದ್ದವು.

"ನಮಸ್ಕಾರ್ರಿ. ಹೌದ್ರಿ, ನಾನಽ. ಟೇಬಲ್ಲು ನನಗ ಅಂತ ಇಡಬ್ಯಾಡ್ರಿ. ನಿಮ್ಮ ತಮ್ಮಗ ಪೂರ್ತಿ ಕೊಟ್ಟುಬಿಡ್ರಿ... ಇಲ್ರಿ, ಯಾರ ಮ್ಯಾಲೂ ಬ್ಯಾಸರಿಲ್ರಿ. ಕೈ ಇನ್ನ ಬರಂಗಿಲ್ರಿ, ಅದಕ್ಕ."

ಓನರ್ ಆ ಕಡೆಯಿಂದ ಏನೇನೋ ಸಮಾಧಾನ ಹೇಳುತ್ತಿದ್ದರು. ಇವರು ಹೂಂಗುಟ್ಟುತ್ತ ಕೇಳಿದರು. ಬಾಗಿಲ ಹತ್ತಿರ ಬ್ಯಾಗು ಹಿಡಿದು ನಿಂತಿದ್ದ ನನಗೆ ಆಗ ಕಂಡಿತು. ಫೋನು ಅವರ ಬಲಗೈಯಲ್ಲಿತ್ತು. ನಾಲ್ಕು ಬೆರಳು ಹಿಂದೆ, ಹೆಬ್ಬೆಟ್ಟು ಮುಂದೆ. ನಡುಗುತ್ತಿತ್ತು, ಆದರೆ ಕಿವಿಯಿಂದ ಜಾರಲಿಲ್ಲ. ಮಾತು ಮುಗಿಯುವವರೆಗೂ ಹಿಡಿದೇ ಇದ್ದರು, ಆಮೇಲೆ ಹಾಸಿಗೆಯ ಮೇಲೆ ಮೆಲ್ಲಗೆ ಇಟ್ಟರು. ಅದು ಅವರಿಗೆ ಗೊತ್ತೇ ಆಗಲಿಲ್ಲ.

ಕೂಗಿ ಹೇಳಬೇಕೆನಿಸಿತು. ಬಾಯಿ ತೆರೆದೆ ಕೂಡ. ಅವರು ತಲೆಯೆತ್ತಿ ಆ ಹೊಸ ನೋಟದಿಂದ ನನ್ನನ್ನು ನೋಡಿದರು, ಮಾತು ಅಲ್ಲೇ ನಿಂತಿತು. ನಾನು ಹೇಳಿದರೆ ನಂಬುವುದಿಲ್ಲ. ಬರುವ ಸೋಮವಾರ ಬಳ್ಳಾರಿಗೆ ಹೋಗುವುದಿದೆ. ಫಿಸಿಯೋ ಮೇಡಂ ಹೇಳಲಿ, ಅವರ ಮಾತನ್ನು ನಂಬುತ್ತಾರೆ.