ಒಂದೂವರೆ ತಾಸಿನ ಅಣ್ಣ

ಕುಕ್ಕರಿನ ಸೀಟಿಯ ನಡುವೆ ಮಗಳು ಇತಿಹಾಸದ ಪಾಠವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುತ್ತಿದ್ದಳು. ಉಗಿಯಂತ್ರ ಬಂತಂತೆ, ರಸ್ತೆಗಳು ಸುಧಾರಿಸಿದವಂತೆ, ದೂರದ ಜನರೆಲ್ಲ ಹತ್ತಿರವಾದರಂತೆ. ನನಗೆ ನಗು ತಡೆಯಲಾಗಲಿಲ್ಲ. ಇದನ್ನು ಬರೆದ ಮಹಾನುಭಾವನಿಗೆ ಅಬುಧಾಬಿಯಲ್ಲಿ ಅಣ್ಣ ಇರಲಿಲ್ಲವೆಂದು ಕಾಣುತ್ತದೆ.

ನನಗಿದ್ದಾನೆ. ಅಲ್ಲಿನ ಮುಸಫ್ಫಾ ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಬಾಯ್ಲರ್ ರಿಪೇರಿಯ ಇಂಜಿನಿಯರು. ಅತ್ತಿಗೆ ಧಾರವಾಡದಲ್ಲೇ ಇರುವುದರಿಂದ ಇಲ್ಲಿ ಒಂಟಿ ಜೀವ. ಉಗಿಯೊಂದು ಇಲ್ಲದಿದ್ದರೆ ಮನುಷ್ಯಕುಲ ಇನ್ನೂ ಎತ್ತಿನ ಬಾಲ ಹಿಡಿದೇ ನಡೆಯುತ್ತಿತ್ತು ಎಂಬುದು ಅವನ ವೇದವಾಕ್ಯ. ತೊಂಬತ್ತರ ದಶಕದಲ್ಲಿ ನಾವು ದುಬೈನ ಸತ್ವಾದಲ್ಲಿ, ಹಳೇ ವಿಲ್ಲಾದ ಎರಡು ಕೋಣೆಗಳಲ್ಲಿದ್ದಾಗ ಪ್ರತಿ ಗುರುವಾರ ಬರುತ್ತಿದ್ದ. ಎಸಿ ಕೆಟ್ಟ ಕಾರಿನಿಂದ ಬೆಂದ ಬದನೆಕಾಯಿಯಂತೆ ಇಳಿದು, ದಾರಿಯ ಲಾರಿಗಳನ್ನೂ ಅಡ್ಡ ಬರುವ ಒಂಟೆಗಳನ್ನೂ ಮನಸಾರೆ ಬೈದು ರೊಟ್ಟಿಗೆ ಕೂರುತ್ತಿದ್ದ. ಊಟದ ನಂತರ ಉಗಿಹಡಗು, ಉಗಿಬಂಡಿಗಳ ಪುರಾಣ. ನನ್ನ ಗಂಡ ಬಾಯಿ ತೆರೆದು ಆಕಳಿಸಿದರೂ ನಿಲ್ಲುತ್ತಿರಲಿಲ್ಲ. ಶುಕ್ರವಾರ ಇಲ್ಲಿ ವಾರದ ರಜೆ, ಹೊತ್ತು ಇಳಿಯುವವರೆಗೂ ಇರುತ್ತಿದ್ದ. ಅವನು ಹೊರಟಾಗ ಉಳಿದ ರೊಟ್ಟಿ ಕಟ್ಟಿಕೊಡುತ್ತಿದ್ದೆ.

ಆಮೇಲೆ ರಸ್ತೆ ಅಗಲವಾಯಿತು. ಅಣ್ಣ ಹೊಸ ಕಾರು ಕೊಂಡ. ಇನ್ನು ದುಬೈ, ಅಬುಧಾಬಿ ಎರಡೂ ಒಂದೇ ಊರು ಎಂದು, ತಾನೇ ಡಾಂಬರು ಹಾಕಿಸಿದವನ ಗತ್ತಿನಲ್ಲಿ ಸಾರಿದ. ಫಲ ಬೇಗ ಕಂಡಿತು. ಮೊದಲು ಹಾಸಿಗೆ ಬೇಡವಾಯಿತು, ಆಮೇಲೆ ಊಟ. ಯಾವಾಗ ಬೇಕಾದರೂ ಬರಬಹುದು ಅಂದವನು ತಿಂಗಳಿಗೊಮ್ಮೆ, ಕೊನೆಗೆ ಹಬ್ಬಕ್ಕೊಮ್ಮೆ ಬರತೊಡಗಿದ. ಇಂಥ ಸುಧಾರಣೆಗೆ ದೂರದಿಂದಲೇ ನಮಸ್ಕಾರ.

ಹೋದ ತಿಂಗಳು ಬಂದವನು ಚಹಾದ ಕಪ್ಪು ಹಿಡಿದುಕೊಂಡೇ ನಿಂತಿದ್ದ. ಇನ್ನೊಂದು ಕೈಯಲ್ಲಿ ಕಾರಿನ ಕೀಲಿ. ಕೂತುಕೋ ಅಂದೆ.

“ಕೂಡಾಕ ಟೈಮಿಲ್ಲ ತಂಗಿ. ಒಂದೂವರಿ ತಾಸಿನ ದಾರಿ, ಯಾವಾಗ ಬೇಕಾದ್ರೂ ಬರ್ತೇನಿ.”

“ಮೊದಲ ನೀ ದಾರಿಗೆ ಅಂಜಿ ಉಳೀತಿದ್ದಿ, ಅಣ್ಣಾ. ನಾ ಅದನ್ನ ಪ್ರೀತಿ ಅಂತ ತಿಳಕೊಂಡಿದ್ನಿ.”

ಅವನು ಕಪ್ಪು ಕೆಳಗಿಟ್ಟು ಹೋದ. ಅಂದಿನಿಂದ ಫೋನೂ ಇಲ್ಲ. ಆಡಿದ್ದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ. ಆದರೆ ಗುರುವಾರ ಬಂದರೆ ಎರಡು ರೊಟ್ಟಿ ಹೆಚ್ಚು ಬಡಿಯುವ ಈ ಕೈಗೆ ಬುದ್ಧಿ ಹೇಳಲು ಆಗಿಲ್ಲ.

ಇವತ್ತೂ ಗುರುವಾರವೇ. ಮಗಳು ಪುಸ್ತಕ ಮುಚ್ಚುವಷ್ಟರಲ್ಲಿ ನಾನು ರೊಟ್ಟಿ, ಶೇಂಗಾ ಚಟ್ನಿ, ಎರಡು ಸೀರೆ ಚೀಲಕ್ಕೆ ತುಂಬಿ ಅಬುಧಾಬಿಯ ಬಸ್ಸಿಗೆ ಹೊರಟಿದ್ದೆ.

“ಮಮ್ಮಿ, ಟುನೈಟ್ ವಾಪಸ್ ಬರ್ತಿ ಅಲ್ಲ?”

ಇಲ್ಲ ಅಂದೆ. ಬಾಗಿಲು ತೆಗೆದ ಅಣ್ಣ ಮೊದಲು ನನ್ನ ಮುಖ ನೋಡುತ್ತಾನೋ, ಚೀಲ ನೋಡುತ್ತಾನೋ, ನನಗೆ ಅದು ತಿಳಿಯಬೇಕಿದೆ.