ಒಂದೇ ಪರದೆಯ ಮುಂದೆ ಇಬ್ಬರು ಟ್ರಸ್ಟಿಗಳು

ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನಾಚೆಯ ನಮ್ಮ ಪುಟ್ಟ ಊರಿನ ಸಾರ್ವಜನಿಕ ಗ್ರಂಥಾಲಯದ ಆಡಳಿತ ಮಂಡಳಿಯಲ್ಲಿ ನೂರುನ್ನಿಸಾ ಟ್ರಸ್ಟಿ. ನಾನೂ ಅದೇ ಮಂಡಳಿಯವಳು. ಅವರು ಬೆಂಗಳೂರಿನ ಶಿವಾಜಿನಗರದಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಪತಿ ತೀರಿಕೊಂಡು, ಮಗಳು ರಮ್ಶಾ ಟೆಕ್ಸಸ್ಸಿಗೆ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ. ತಮ್ಮ ಅಭಿಪ್ರಾಯವನ್ನು ಯಾರಾದರೂ ಕೇಳುವುದು ಈಗ ಮಂಡಳಿಯ ಸಭೆಯಲ್ಲಿ ಮಾತ್ರ ಎಂದು ಒಮ್ಮೆ ಹೇಳಿದ್ದರು.

ಮಂಡಳಿಯ ನಿಯಮದಂತೆ ಪ್ರತಿ ಟ್ರಸ್ಟಿಯೂ ವರ್ಷಕ್ಕೆ ಹತ್ತು ಗಂಟೆಗಳ ತರಬೇತಿ ಪಡೆಯಬೇಕು. ತಪ್ಪಿದರೆ ಸ್ಥಾನ ತೆರವಾಗುತ್ತದೆ. ತರಬೇತಿ ಆನ್‌ಲೈನಾದಾಗಿನಿಂದ ಅವರು ಶನಿವಾರಗಳಂದು ಫ್ಲಾಸ್ಕಿನಲ್ಲಿ ಏಲಕ್ಕಿ ಚಹಾ ತುಂಬಿಕೊಂಡು ನಮ್ಮ ಮನೆಗೇ ಬರುತ್ತಿದ್ದರು. ಬಹಿರಂಗ ಸಭೆಗಳ ಕಾನೂನು, ಬಜೆಟ್ಟು, ಪುಸ್ತಕದ ಮೇಲೆ ದೂರು ಬಂದಾಗ ನಡೆದುಕೊಳ್ಳಬೇಕಾದ ಬಗೆ, ಎಲ್ಲವನ್ನೂ ನನ್ನ ಲ್ಯಾಪ್‌ಟಾಪಿನಲ್ಲೇ ನೋಡಿದೆವು. ಒಂದು ಟಿವಿಯ ಮುಂದೆ ಇಡೀ ಬೀದಿಯೇ ಕೂರುತ್ತಿದ್ದ ಕಾಲದಲ್ಲಿ ಬೆಳೆದ ನಮಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮೇ ತಿಂಗಳ ಸಭೆ ಮುಗಿದಾಗ ಮಂಡಳಿಯ ಕಾರ್ಯದರ್ಶಿ, ಇಲ್ಲೇ ಹುಟ್ಟಿ ಬೆಳೆದ ಅನಿಕೇತ, ನಮ್ಮ ಬಳಿ ಬಂದ.

“ನೂರುನ್ನಿಸಾ ಆಂಟಿ, ಸಿಸ್ಟಮ್ಮಲ್ಲಿ ನಿಮ್ಮ ಅವರ್ಸ್ ಜೀರೋ ಇದೆ. ಲಾಗಿನ್ ಯಾರದೋ ಅವರಿಗೆ ಮಾತ್ರ ಕ್ರೆಡಿಟ್ಟು. ಸೋ ಸಾರಿ.”

ನೂರುನ್ನಿಸಾ ನನ್ನತ್ತ ಕೈ ತೋರಿಸಿದರು. “ಈ ವಸುಧಾಳ ಪಕ್ಕದಲ್ಲೇ ಕೂತಿದ್ದೆ ಕಣಪ್ಪ. ಅವಳು ತೂಕಡಿಸಿದಾಗ ಎಬ್ಬಿಸಿದ್ದೇ ನಾನು!”

ನಾನು ಸಾಕ್ಷಿ ಬರೆದುಕೊಡುತ್ತೇನೆಂದೆ. ನೂರುನ್ನಿಸಾ ಒಪ್ಪಲಿಲ್ಲ. “ಬೇಡಮ್ಮ. ಟ್ರಸ್ಟಿಗೆ ಟ್ರಸ್ಟಿ ಫೇವರ್ ಮಾಡಬಾರದು ಅಂತ ಅಷ್ಟು ಹೊತ್ತು ಕೇಳಿದ್ವಲ್ಲ, ಅದೆಲ್ಲ ವೇಸ್ಟಾ?”

ಮಂಡಳಿಯ ವರ್ಷ ಕೊನೆಯಾಗುವ ಜೂನ್ ಮುಗಿಯುವುದರೊಳಗೆ ಎಲ್ಲವನ್ನೂ ಅವರು ತಮ್ಮ ಲಾಗಿನ್ನಿನಿಂದ ಮತ್ತೆ ನೋಡಬೇಕಾಯಿತು. ಜೊತೆಗೆ ಬಂದು ಕೂರುತ್ತೇನೆಂದು ನಾನು ಹೇಳಿದರೂ, ನೋಡಿದ್ದನ್ನೇ ನೋಡಲು ನನ್ನನ್ನು ಕರೆಸಿಕೊಳ್ಳುವುದು ಅವರಿಗೆ ಸರಿಕಾಣಲಿಲ್ಲ. ಅವರು ಬರದ ಮೊದಲ ಶನಿವಾರ ನಾನು ಅಭ್ಯಾಸಬಲದಿಂದ ಮೇಜಿನ ಬಳಿ ಎರಡು ಕುರ್ಚಿ ಎಳೆದಿಟ್ಟೆ.

ಜುಲೈ ಸಭೆಯಲ್ಲಿ ನೂರುನ್ನಿಸಾ ಅವರ ತರಬೇತಿ ಪೂರ್ಣಗೊಂಡಿದೆಯೆಂದು ಅನಿಕೇತ ಓದಿದ. ಸ್ಥಾನ ಉಳಿಯಿತು. ಆಮೇಲೆ ಪಾರ್ಕಿಂಗ್ ಲಾಟಿನಲ್ಲಿ ನೂರುನ್ನಿಸಾ ನಗುತ್ತ ಹೇಳಿದರು:

“ರೆಕಾರ್ಡಿಂಗು ಆಗಾಗ ನಿಂತು, ‘ಇನ್ನೂ ಇದ್ದೀರಾ?’ ಅಂತ ಕೇಳುತ್ತೆ ನೋಡು. ಬಟನ್ ಒತ್ತಿದ್ರೆ ಸಾಕು. ನಾನು ‘ಇದೀನಪ್ಪ, ಇದೀನಿ’ ಅಂತ ಜೋರಾಗಿ ಹೇಳಿಬಿಡ್ತಿದ್ದೆ. ಆ ಮನೇಲಿ ಹಾಗೆ ಕೇಳೋರು ಇನ್ಯಾರಿದ್ದಾರೆ ಹೇಳು?”

ಅವರು ಕಾರಿನ ಬಾಗಿಲು ತೆರೆದರು. ಒಳಗೆ ಕೂರದೆ, ಮುಂದಿನ ತರಬೇತಿ ಯಾವಾಗ ಶುರುವಾಗುತ್ತದೆಂದು ಕೇಳಿದರು.